ಭಾವನ ಕೋರೆಹಲ್ಲು

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಯಾರಾದರೂ ದೆವ್ವದ ಸಿನಿಮಾ ನೋಡುತ್ತಾರೆಯೇ? ನಮ್ಮ ಭಾವ ನೋಡುತ್ತಾರೆ. ಒಬ್ಬರೇ ನೋಡಿಕೊಂಡು ಸುಮ್ಮನಿದ್ದಿದ್ದರೆ ನನ್ನದೇನೂ ತಕರಾರಿರಲಿಲ್ಲ. ತಮ್ಮಂಥವರೇ ಇನ್ನೂ ಏಳೆಂಟು ಜನರನ್ನು ಗುಡ್ಡೆ ಹಾಕಿಕೊಂಡು, ನಾನು ಶನಿವಾರ ಬೆನ್ನು ಮುರಿದುಕೊಂಡು ಒರೆಸಿಟ್ಟ ಕೆಲಸದ ಕೋಣೆಯಲ್ಲಿ, ಕಿಟಕಿಗೆಲ್ಲ ಕಪ್ಪು ಬಟ್ಟೆ ಕಟ್ಟಿ, ಹೊರಗೆ ಬಿಸಿಲು ಚುರುಗುಟ್ಟುತ್ತಿರುವಾಗ ಒಳಗೆ ಕತ್ತಲೆ ಮಾಡಿಕೊಂಡು ನೋಡುತ್ತಾರೆ. ಹನ್ನೆರಡು ವರ್ಷದಿಂದ ಇದೇ ಗೋಳು.

ಭಾವ ಎಂದರೆ ನನ್ನ ಅಕ್ಕನ ಗಂಡ. ಹಲ್ಲು ಕಟ್ಟುವುದು ಅವರ ಕಸುಬು. ಡಾಕ್ಟರಲ್ಲ. ಡಾಕ್ಟರು ರೋಗಿಯ ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಭಾವ ಪ್ಲಾಸ್ಟರಿನಲ್ಲಿ ದವಡೆಯ ಅಚ್ಚು ಹೊಯ್ದು, ಮೇಣದಲ್ಲಿ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುತ್ತಾರೆ. ಅವರ ಪಕ್ಕದ ಮೇಜು ನನ್ನದು. ಮೇಣ ಕೆರೆಯುವುದು, ಅಂಚು ಉಜ್ಜುವುದು, ಫೋನು ಎತ್ತುವುದು ನನ್ನ ಪಾಲಿಗೆ. ಫೋನು ಎತ್ತುವುದೆಂದರೆ ಬೈಸಿಕೊಳ್ಳುವುದು ಎಂದೇ ಅರ್ಥ. ಏಕೆಂದರೆ ಭಾವನಿಗೆ ಕೈಯಲ್ಲಿ ಎಷ್ಟು ಕೆಲಸವಿದೆಯೋ ತಲೆಯಲ್ಲಿ ಅಷ್ಟು ಗಡಿಯಾರವಿಲ್ಲ. ಹಲ್ಲಿನ ಸೆಟ್ಟು ಸಿದ್ಧವಾಗಿ ಡಬ್ಬಿಗೆ ಹೋದ ಮೇಲೂ ಹೊರಗೆ ತೆಗೆದು ಬೆಳಕಿಗೆ ಹಿಡಿದು, "ಈ ಎಡಗಡೇದು ಯಾಕೋ ಮುನಿಸ್ಕೊಂಡ ಹಾಗಿದೆ" ಎನ್ನುತ್ತಾರೆ. ಹಲ್ಲು ಮುನಿಸಿಕೊಳ್ಳುತ್ತದೆಯಂತೆ! ಅತ್ತ ಬೊಚ್ಚುಬಾಯಿಯ ಮುದುಕಪ್ಪ ಹಾಲಿನಲ್ಲಿ ಬ್ರೆಡ್ಡು ನೆನೆಸಿಕೊಂಡು ನುಂಗುತ್ತ ಕಾಯುತ್ತಿರುತ್ತಾನೆ. ಡಾಕ್ಟರ ಬೈಗುಳ ನನಗೆ, ಹೊಗಳಿಕೆ ಇವರಿಗೆ.

ಮನುಷ್ಯನಿಗೆ ಸಿಟ್ಟಾದರೂ ಬರಬೇಡವೇ? ನಾನು ಒಂದಕ್ಕೆ ಎರಡು ಆಡಿದರೂ "ಆಯ್ತು ಬಿಡಮ್ಮ" ಎಂದು ಅಚ್ಚಿನ ಮೇಲೆ ಬಗ್ಗಿಬಿಡುತ್ತಾರೆ. ಜಗಳಕ್ಕೂ ಒದಗದ ಇಂಥವರ ಜೊತೆ ಮೂವತ್ತು ವರ್ಷ ಹೇಗೆ ಏಗಿದೆನೋ ನನಗೇ ಗೊತ್ತು. ಅವರಿಗೆ ಯಾರ ಮುಖವೂ ನೆನಪಿರುವುದಿಲ್ಲ, ಹೆಸರಂತೂ ಇಲ್ಲವೇ ಇಲ್ಲ. ಬಾಯಿ ಮಾತ್ರ ನೆನಪಿರುತ್ತದೆ. ಹತ್ತಿರದ ನೆಂಟರ ಹೆಸರು ಹೇಳಿದರೂ, "ಯಾರು? ಓ, ಮೇಲಿನ ಎರಡನೇ ಹಲ್ಲು ಒಂಚೂರು ತಿರುಗಿದೆಯಲ್ಲ, ಅವರಾ!" ಎನ್ನುತ್ತಾರೆ.

ಸಿನಿಮಾ ನೋಡುವಾಗಲೂ ಅದೇ ಕತೆ. ರಕ್ತ ಹೀರುವ ಪಿಶಾಚಿ ಬಾಯಿ ತೆರೆದಾಗ ಬೇರೆಯವರು ಕುರ್ಚಿ ಗಟ್ಟಿಯಾಗಿ ಹಿಡಿದುಕೊಂಡರೆ ಭಾವ ಮುಂದಕ್ಕೆ ಬಗ್ಗುತ್ತಾರೆ. "ಛೆ, ಕೋರೆ ಹೀಗೆ ಹೊರಗೆ ಚಾಚಿದ್ರೆ ಯಾರನ್ನ ಕಚ್ಚೋಕಾಗುತ್ತೆ? ತನ್ನ ತುಟೀನೇ ಹರ್ಕೋಬೇಕು ಅಷ್ಟೆ" ಎಂದು ಕೊರಗುತ್ತಾರೆ.

ಈ ಸಂಘದ ಯಜಮಾನರು ಫಿಸಿಕ್ಸ್ ಮೇಷ್ಟ್ರು. ನಿವೃತ್ತರಾದ ಮೇಲೆ ತರಗತಿಯ ತಲೆಗಳು ಸಿಗದೆ ನಮ್ಮ ತಲೆ ತಿನ್ನಲು ಬಂದವರು. ಹಳೆಯ ವಿಡಿಯೊ ಕ್ಯಾಸೆಟ್ಟುಗಳು, ಅವನ್ನು ಓಡಿಸುವ ಮಷೀನು, ಗೋಡೆಯ ಮೇಲೆ ಚಿತ್ರ ಬೀಳಿಸುವ ಪ್ರೊಜೆಕ್ಟರು ಎಲ್ಲ ಅವರದ್ದು. ಇನ್ನೊಬ್ಬರು ಸರ್ಜರಿ ವಾರ್ಡಿನ ನರ್ಸಮ್ಮ. ವಾರವೆಲ್ಲ ನಿಜವಾದ ರಕ್ತ ನೋಡಿ ಸಾಲದೆ ಭಾನುವಾರ ಬಣ್ಣದ ರಕ್ತ ನೋಡಿ ಕಿಲಕಿಲ ನಗಲು ಬರುತ್ತಾರೆ. ಮತ್ತೊಬ್ಬ ಕೊರಿಯರ್ ಆಫೀಸಿನವನು, ಅವನನ್ನು ಎಲ್ಲರೂ ಪಾರ್ಸಲ್ ಎಂದೇ ಕರೆಯುವುದು. ಮಿಕ್ಕವರು ಬರುತ್ತಾರೆ, ಬಿಸ್ಕತ್ತು ಖಾಲಿ ಮಾಡುತ್ತಾರೆ, ಹೋಗುತ್ತಾರೆ.

ಹೋಗಲಿ, ಒಳ್ಳೆಯ ಸಿನಿಮಾನಾದರೂ ನೋಡುತ್ತಾರೆಯೇ ಎಂದರೆ ಅದೂ ಇಲ್ಲ. ದೆವ್ವದ ಕಾಲಿನಲ್ಲಿ ಚಪ್ಪಲಿ ಕಾಣಬೇಕು, ಬಾವಲಿಗೆ ಕಟ್ಟಿದ ದಾರ ಕಾಣಬೇಕು, ಹೆಣ ಉಸಿರಾಡಬೇಕು. ಆಗ ಇವರ ಸಂತೋಷ ಹೇಳತೀರದು. ಅಂಥ ಜಾಗ ಬಂದ ಕೂಡಲೇ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಬೇಕು, ಮೇಷ್ಟ್ರು ಕ್ಯಾಸೆಟ್ಟು ಹಿಂದಕ್ಕೆ ತಿರುಗಿಸಿ ಅದನ್ನೇ ಮೂರು ಸಲ ತೋರಿಸಬೇಕು. ಇದು ಸಂಘದ ಕಟ್ಟಳೆ. ತಡೆಯಲಾರದೆ ಒಮ್ಮೆ ಕೇಳಿದೆ, "ಅಲ್ಲ ಕಣಪ್ಪ, ಕೆಟ್ಟದಕ್ಕೆ ಯಾಕೆ ಚಪ್ಪಾಳೆ?"

ಪಾರ್ಸಲ್ ಬಿಸ್ಕತ್ತು ಅಗಿಯುತ್ತ ಹೇಳಿದ, "ಅಕ್ಕಾ, ಚೆನ್ನಾಗಿ ಯಾರು ಬೇಕಾದ್ರೂ ಮಾಡ್ತಾರೆ. ಇಷ್ಟು ಮನಸಿಟ್ಟು ಹಾಳು ಮಾಡೋಕೆ ಗುಂಡಿಗೆ ಬೇಕು."

ಇಂಥವರಿಗೆ ಏನು ಹೇಳುತ್ತೀರಿ? ನಾನು ಲೋಟ ಎತ್ತಿಕೊಂಡು ಒಳಗೆ ಹೋದೆ.

ಈ ಗುಂಪಿನಲ್ಲಿ ಭಾವನಿಗೆ ಎಲ್ಲರಿಗಿಂತ ಒಂದು ಕೈ ಹೆಚ್ಚು ಮರ್ಯಾದೆ. ಅವರನ್ನು ಕರೆಯುವುದೇ ಕೋರೆ ಸಾರ್ ಎಂದು. ಕಾರಣ, ಮೂವತ್ತೊಂದು ವರ್ಷದ ಹಿಂದೆ ಅವರು ನಿಜವಾದ ಒಂದು ಸಿನಿಮಾದ ದೆವ್ವಕ್ಕೆ ಕೋರೆಹಲ್ಲು ಮಾಡಿಕೊಟ್ಟಿದ್ದರು. ಆ ಸಿನಿಮಾ ಒಂದು ವಾರ ಓಡಿ ಎತ್ತಂಗಡಿಯಾಯಿತು. ಆಮೇಲೆ ಅದರ ಒಂದು ಚೂರೂ ಯಾರ ಕಣ್ಣಿಗೂ ಬೀಳಲಿಲ್ಲ. ಸಂಘದಲ್ಲಿ ಯಾರೂ ನೋಡಿಲ್ಲ, ಭಾವನೂ ನೋಡಿಲ್ಲ. ನೋಡದಿದ್ದರೇನು? ಹೊಸಬರು ಬಂದಾಗಲೆಲ್ಲ ಕತೆ ಶುರುವಾಗುತ್ತದೆ.

"ಎರಡೇ ಎರಡು ಕೋರೆ. ಆದ್ರೆ ನಿಜವಾದ ಹಲ್ಲಿನ ಮೇಲೆ ಟೋಪಿ ಥರ ಕೂತ್ಕೋಬೇಕು. ಡೈಲಾಗ್ ಹೇಳಿದ್ರೆ ಬೀಳಬಾರದು, ನಾಲಿಗೆ ತೊದಲಬಾರದು. ಬುಡದಲ್ಲಿ ಒಂಚೂರು ಹಳದಿ ಕೊಟ್ಟೆ. ಅಷ್ಟು ವರ್ಷ ಮಣ್ಣಲ್ಲಿದ್ದ ದೆವ್ವದ ಹಲ್ಲು ಬೆಳ್ಳಗಿರುತ್ತಾ?" ಎನ್ನುತ್ತಾರೆ. ಎಲ್ಲರೂ ತಲೆದೂಗುತ್ತಾರೆ. ಕೊನೆಗೆ ಭಾವ ದನಿ ತಗ್ಗಿಸಿ, "ಇದು ಸರಿಹೋದ್ರೆ ಮುಂದಿನ ಸಿನಿಮಾಗಳ ಹಲ್ಲಿನ ಕೆಲಸ ಎಲ್ಲಾ ನಿಮಗೇ ಅಂದಿದ್ದ ಮೇಕಪ್‌ನವನು. ಮೆಚ್ಕೊಂಡ್ರಂತೆ ಬೇರೆ. ಆಮೇಲೆ ಯಾಕೋ ಕರೀಲೇ ಇಲ್ಲ" ಎಂದು ನನ್ನ ಕಡೆ ತಿರುಗುತ್ತಾರೆ. "ಅಲ್ವೇನಮ್ಮ? ಮೆಚ್ಕೊಂಡ್ರು ಅಂದಿದ್ಯಲ್ಲ ನೀನು?"

"ಹೌದು ಭಾವ" ಎಂದು ನಾನು ತೊಳೆದ ಲೋಟವನ್ನೇ ಮತ್ತೆ ತೊಳೆಯಲು ಹೋಗುತ್ತೇನೆ.

ನಿಜ ಹೇಳಿಬಿಡುತ್ತೇನೆ, ಬಚ್ಚಿಟ್ಟೂ ಬಚ್ಚಿಟ್ಟೂ ಸಾಕಾಗಿದೆ. ಆ ಕೋರೆಗಳು ಶೂಟಿಂಗಿಗೆ ತಲುಪಲೇ ಇಲ್ಲ.

ಕೋರೆ ಕೊಡಬೇಕಾದ ದಿನವೇ ಅಕ್ಕನಿಗೆ ಹೆರಿಗೆ ನೋವು ಬಂತು. ಭಾವ ಆಸ್ಪತ್ರೆ ಬಿಟ್ಟು ಕದಲುವಂತಿರಲಿಲ್ಲ. ನನಗಾಗ ಹದಿನೇಳು, ಸಿನಿಮಾ ಎಂದರೆ ಪ್ರಾಣ. ನಾನು ಕೊಟ್ಟು ಬರುತ್ತೇನೆ ಎಂದು ಕುಣಿದೆ. ಭಾವ ಪುಟ್ಟ ತಗಡಿನ ಡಬ್ಬಿಯಲ್ಲಿ ಹತ್ತಿ ಹಾಸಿ, ಅದರ ಮೇಲೆ ಕೋರೆ ಇಟ್ಟು, "ಜೋಪಾನ ಕಣಮ್ಮ" ಎಂದು ಎರಡು ಸಲ ಹೇಳಿ ಕಳಿಸಿದರು. ಎರಡು ಬಸ್ಸು ಬದಲಿಸಬೇಕಿತ್ತು. ಎರಡನೆಯ ಬಸ್ಸಿನಲ್ಲಿ ಡಬ್ಬಿಯನ್ನು ಸೀಟಿನ ಮೇಲಿಟ್ಟು, ಅಕ್ಕನ ಕೈಗನ್ನಡಿ ತೆಗೆದು, ತಲೆ ಬಾಚಿಕೊಳ್ಳಲು ಕೂತೆ. ಶೂಟಿಂಗಿನಲ್ಲಿ ಯಾರಾದರೂ ನನ್ನನ್ನು ನೋಡಿ, ಈ ಹುಡುಗಿಗೂ ಒಂದು ಪಾತ್ರ ಕೊಡಿ ಎಂದುಬಿಟ್ಟರೆ? ಅಷ್ಟರಲ್ಲಿ ಸ್ಟಾಪು ಬಂತು. ಕನ್ನಡಿ, ಬಾಚಣಿಗೆ ಎರಡನ್ನೂ ಹಿಡಿದುಕೊಂಡು ಇಳಿದೆ. ಡಬ್ಬಿ ಬಸ್ಸಿನ ಜೊತೆ ಹೋಯಿತು. ಏದುಸಿರು ಬಿಡುತ್ತ ಓಡಿದೆ, ಕೂಗಿದೆ. ನನಗೋಸ್ಕರ ಬಸ್ಸು ನಿಲ್ಲುತ್ತದೆಯೇ?

ಶೂಟಿಂಗಿನಲ್ಲಿ ಮೇಕಪ್‌ನವನು ಅಂಗೈ ಚಾಚಿ ನಿಂತಿದ್ದ. "ಎಲ್ಲಮ್ಮ ಹಲ್ಲು?" ಕಳೆದುಹೋಯಿತು ಎನ್ನಬಹುದಿತ್ತು. ನನ್ನ ಹಾಳು ನಾಲಿಗೆ, "ಇನ್ನೂ ಆಗಿಲ್ವಂತೆ" ಎಂದಿತು. ಅವನು ಎಲ್ಲರೆದುರು ಭಾವನನ್ನು ವಾಚಾಮಗೋಚರ ಬೈದ. ನಾನು ತಲೆ ತಗ್ಗಿಸಿಕೊಂಡು ವಾಪಸು ಬಂದೆ.

ಆಸ್ಪತ್ರೆಯಲ್ಲಿ ಅಕ್ಕನಿಗೆ ಹೆಣ್ಣುಮಗು ಹುಟ್ಟಿತ್ತು. ಭಾವ ಕೂಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. "ಕೊಟ್ಯಾ? ಏನಂದ್ರು?" ಎಂದರು. ಆ ಮುಖ ನೋಡಿಕೊಂಡು ಏನು ಹೇಳಲಿ? "ಕೊಟ್ಟೆ ಭಾವ. ತುಂಬ ಮೆಚ್ಕೊಂಡ್ರು." ಅಲ್ಲಿಗೆ ಒಂದೇ ದಿನ ಎರಡು ಸುಳ್ಳು. ಆಮೇಲೆ ಎರಡು ವರ್ಷ ಭಾವ ಫೋನು ರಿಂಗಾದರೆ ಸಾಕು, ಕೈ ಒರೆಸಿಕೊಂಡು ಎದ್ದು ಬರುತ್ತಿದ್ದರು. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಳ್ಳುತ್ತಲೇ ಇದ್ದೆ. ಆ ಕೂಸಿಗೆ ಹಲ್ಲು ಬಂತು, ಹಾಲುಹಲ್ಲು ಬಿತ್ತು, ಮದುವೆಯೂ ಆಯಿತು. ನಾನು ಮಾತ್ರ ಬಾಯಿ ಬಿಡಲಿಲ್ಲ. ಸಿನಿಮಾನೇ ನಾಪತ್ತೆಯಾದ ಮೇಲೆ ಇನ್ನೇನು ಭಯ ಎಂದು ನೆಮ್ಮದಿಯಾಗಿದ್ದೆ.

ಮೂರು ವಾರದ ಹಿಂದೆ ಪಾರ್ಸಲ್ ಬಾಗಿಲು ತಳ್ಳಿಕೊಂಡು ಬಂದ. ಕೈಯಲ್ಲಿ ಒಂದು ಕ್ಯಾಸೆಟ್ಟು. ಮುಚ್ಚಿಹೋದ ಯಾವುದೋ ವಿಡಿಯೊ ಅಂಗಡಿಯ ಉಗ್ರಾಣದಲ್ಲಿ ಸಿಕ್ಕಿತಂತೆ. "ಕೋರೆ ಸಾರ್! ನಿಮ್ಮ ಸಿನಿಮಾ ಸಾರ್!"

ಭಾವ ಎದ್ದು ಹೋಗಿ, ಪ್ಲಾಸ್ಟರಿನ ಕೈಯನ್ನು ಸೋಪು ಹಾಕಿ ತೊಳೆದು, ಒರೆಸಿಕೊಂಡು ಬಂದು ಅದನ್ನು ಮುಟ್ಟಿದರು.

ತಪ್ಪಿಸಲು ನಾನು ಮಾಡದ ಉಪಾಯವಿಲ್ಲ. ಭಾನುವಾರ ಅರ್ಜೆಂಟು ಸೆಟ್ಟು ಕೊಡಬೇಕು ಎಂದೆ. ಭಾವ ಜನ್ಮದಲ್ಲಿ ಮೊದಲ ಸಲ ಕೆಲಸವನ್ನು ಹೇಳಿದ ಹೊತ್ತಿಗಿಂತ ಮೊದಲೇ, ಶನಿವಾರ ಮಧ್ಯಾಹ್ನಕ್ಕೇ ಮುಗಿಸಿ ಕೂತರು. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿದೆ, ಓಡಿಸಿದರೆ ಮಷೀನು ಹಾಳಾಗುತ್ತದೆ ಎಂದು ಮೇಷ್ಟ್ರನ್ನು ಹೆದರಿಸಿದೆ. ಆ ಪುಣ್ಯಾತ್ಮ ನಾಲ್ಕು ದಿನ ಕೂತು ಟೇಪನ್ನು ಸ್ಪಿರಿಟ್ಟಿನಲ್ಲಿ ಒರೆಸಿಕೊಂಡು ಬಂದರು. ಕೊನೆಗೆ ಭಾನುವಾರ ಬೆಳಿಗ್ಗೆ ಫ್ಯೂಸನ್ನೇ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡೆ. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ನರ್ಸಮ್ಮ ಕೈ ಕೊಡವಿಕೊಳ್ಳುತ್ತ, "ಫ್ಯೂಸ್ ಎಲ್ಲೋ ಬಿದ್ದುಹೋಗಿದೆ ಕಣ್ರೀ, ತಂತಿ ಸುತ್ತಿ ಹಾಕ್ದೆ" ಎಂದರು. ಈ ಜನಕ್ಕೆ ಬಾರದ ವಿದ್ಯೆಯೇ ಇಲ್ಲವೇ?

ಭಾವ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ದೆವ್ವದ ಸಿನಿಮಾ ಎಂದರೆ ಮಾರು ದೂರ ಓಡುವ ಅಕ್ಕನೂ ಬಂದು ಅವರ ಪಕ್ಕ ಕೂತಿದ್ದಳು. ಸುತ್ತ ಕಪಾಟಿನಲ್ಲಿ ಸಾಲುಸಾಲು ಪ್ಲಾಸ್ಟರಿನ ದವಡೆಗಳು. ನಾನು ಅವರ ಮಗ್ಗುಲಿನ ಬಾಗಿಲ ಹತ್ತಿರ ಸ್ಟೂಲು ಹಾಕಿಕೊಂಡೆ. ನೆಲ ಬಿರಿದು ನನ್ನನ್ನು ನುಂಗಬಾರದೇ ಎನ್ನಿಸುತ್ತಿತ್ತು.

ಸಿನಿಮಾ ಶುರುವಾಯಿತು. ಒಂದು ಗಂಟೆ ಬರೀ ಬಾಗಿಲು ಕಿರುಗುಟ್ಟುವುದು, ನಾಯಿ ಊಳಿಡುವುದು. ದೆವ್ವ ಬರುವುದೇ ಇಲ್ಲ. ಬಾರದೇ ಇರಲಿ, ಹಾಗೇ ಮುಗಿದುಹೋಗಲಿ ಎಂದು ಬೇಡಿಕೊಳ್ಳುತ್ತ ಕೂತಿದ್ದೆ. ಬಂದೇ ಬಿಟ್ಟಿತು. ಬಿಳಿ ಬಟ್ಟೆ, ಕೆದರಿದ ಕೂದಲು. ಬಾಯಿ ತೆರೆಯಿತು.

ಮೇಣ ಕೆರೆದೇ ಜೀವನ ಮಾಡಿದ ನನಗೆ ಗೊತ್ತಾಗದೇ? ಅದು ಮೇಣದಬತ್ತಿಯ ತುಂಡು. ಒಂದು ಗೇಣುದ್ದ, ಇನ್ನೊಂದು ಗಿಡ್ಡ. ದೆವ್ವ "ನಿನ್ನನ್ನು ಬಿಡೆನು" ಎಂದು ಅಬ್ಬರಿಸಹೋಗಿ ತೊದಲಿತು. ಎಡಗಡೆಯ ಕೋರೆ ಕಳಚಿ ತುಟಿಯ ಮೇಲೆ ಬಂತು. ದೆವ್ವ ಅದನ್ನು ನಾಲಿಗೆಯಲ್ಲಿ ಒಳಗೆ ಎಳೆದುಕೊಂಡು, ಏನೂ ಆಗದ ಹಾಗೆ ಮಿಕ್ಕ ಡೈಲಾಗು ಮುಗಿಸಿತು.

ಮರುಗಳಿಗೆ ಸೂರು ಹಾರಿಹೋಗುವ ಹಾಗೆ ಗದ್ದಲ. ಎಲ್ಲರೂ ಎದ್ದು ನಿಂತರು. ಚಪ್ಪಾಳೆ, ಶಿಳ್ಳೆ. ಮೇಷ್ಟ್ರು ಕ್ಯಾಸೆಟ್ಟು ಹಿಂದಕ್ಕೆ ತಿರುಗಿಸಿದರು. ಮತ್ತೆ ಕೋರೆ ಬಿತ್ತು, ಮತ್ತೆ ಚಪ್ಪಾಳೆ. ಪಾರ್ಸಲ್ ಕಣ್ಣೀರು ಒರೆಸಿಕೊಳ್ಳುತ್ತ, "ಕೈ ಮುಗೀತೀನಿ ಸಾರ್! ಇಷ್ಟು ವರ್ಷದಲ್ಲಿ ಇಂಥ ಕೋರೆ ನೋಡೇ ಇಲ್ಲ!" ಎಂದ. ನರ್ಸಮ್ಮ ಹೊಟ್ಟೆ ಹಿಡಿದುಕೊಂಡು, "ಮೂರು ಸಲ ಸಾಲದು ಮೇಷ್ಟ್ರೇ, ಇನ್ನೊಂದು ಸಲ ಹಾಕಿ" ಎಂದರು. ಒಬ್ಬರಲ್ಲಿಯೂ ಒಂದಿಷ್ಟು ಕುಹಕವಿರಲಿಲ್ಲ. ಅವರ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಅದೇ ನನ್ನ ಮೈ ಉರಿಸಿದ್ದು.

ಉರಿದರೂ, ಸುಳ್ಳೇಕೆ, ಒಳಗೊಳಗೆ ಬದುಕಿದೆಯಾ ಬಡಜೀವವೇ ಎಂದುಕೊಂಡೆ. ಇವರೆಲ್ಲ ಅದು ಭಾವನದೇ ಎಂದುಕೊಂಡಿದ್ದಾರೆ. ಇನ್ನು ಯಾರೂ ಏನೂ ಕೇಳುವುದಿಲ್ಲ. ಹಾಗೆಂದುಕೊಂಡು ಭಾವನ ಕಡೆ ನೋಡಿದೆ.

ಅವರೊಬ್ಬರು ಎದ್ದಿರಲಿಲ್ಲ. ನಾಲ್ಕನೆಯ ಸಲ ಆ ತುಣುಕು ಬಂದಾಗ ಯಾವಾಗಿನಂತೆ ಮುಂದಕ್ಕೆ ಬಗ್ಗಿ ನೋಡಿದರು. ಹಿಂದಕ್ಕೆ ಒರಗಿ ಕನ್ನಡಕ ತೆಗೆದು, ಶರ್ಟಿನ ತುದಿಯಲ್ಲಿ ಒರೆಸಿದರು. ಅಕ್ಕನ ಕಡೆ ಬಾಗಿ ಮೆಲ್ಲಗೆ ಹೇಳಿದರು, "ಈಗ ಗೊತ್ತಾಯ್ತು ನೋಡು, ಯಾಕೆ ಮತ್ತೆ ಕರೀಲಿಲ್ಲ ಅಂತ."

"ಏನ್ರೀ?" ಎಂದಳು ಅಕ್ಕ.

"ಚೆನ್ನಾಗಿ ಮಾಡಿದ್ದೆ ಅನ್ಕೊಂಡೇ ಇದ್ದೆ ಇಷ್ಟು ವರ್ಷ. ಆಗ ನನಗೆ ಕೆಲಸಾನೇ ಬರ್ತಿರಲಿಲ್ಲ ಅನ್ಸುತ್ತೆ. ನಿನ್ನ ತಂಗಿ ಪಾಪ, ನನಗೆ ಬೇಜಾರಾಗಬಾರದು ಅಂತ ಮೆಚ್ಕೊಂಡ್ರು ಅಂತ ಸುಳ್ಳು ಹೇಳಿದ್ದಾಳೆ."

ಎಂಥೆಂಥವರ ಬಾಯನ್ನೋ ಗುರುತು ಹಿಡಿಯುವ ಮನುಷ್ಯ, ಏಳೆಂಟು ಜನರ ಚಪ್ಪಾಳೆ ನಂಬಿ ತನ್ನ ಕೈಕೆಲಸವನ್ನೇ ಗುರುತಿಸಲಾರದೆ ಹೋದರಲ್ಲ! ಪಾಪವಂತೆ ನಾನು! ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಯಾರ ಮೇಲೆ ಎಂದು ಕೇಳಬೇಡಿ. ಎದ್ದು ಲೈಟು ಹಾಕಿದೆ.

"ನಿಲ್ಸ್ರೀ ಅದನ್ನ!"

"ಅಕ್ಕಾ, ಮಧ್ಯದಲ್ಲಿ ಲೈಟ್ ಹಾಕಬಾರದು, ಕಟ್ಟಳೆ..." ಎಂದ ಪಾರ್ಸಲ್.

"ಬೆಂಕಿ ಹಾಕು ನಿನ್ನ ಕಟ್ಟಳೆಗೆ! ಭಾವ, ಅದು ನಿಮ್ದಲ್ಲ. ಮೇಣದಬತ್ತಿ ಅದು, ಬರೀ ಮೇಣದಬತ್ತಿ! ನಿಮ್ಮ ಕೆಲಸ ಯಾವತ್ತಾದ್ರೂ ಹೀಗಿರುತ್ತಾ? ನೀವು ಮಾಡಿದ್ದು ಅಲ್ಲಿಗೆ ಹೋಗ್ಲೇ ಇಲ್ಲ. ಡಬ್ಬೀನ ನಾನು ಬಸ್ಸಲ್ಲಿ ಬಿಟ್ಟು ಇಳಿದುಬಿಟ್ಟೆ. ಕೊಟ್ಟೆ ಅಂದಿದ್ದು ಸುಳ್ಳು, ಮೆಚ್ಕೊಂಡ್ರು ಅಂದಿದ್ದೂ ಸುಳ್ಳು."

ಪಾರ್ಸಲ್ ಕುರ್ಚಿಯಲ್ಲಿ ಕುಸಿದು ಕೂತ. ಅಕ್ಕ, "ಏನೇ ಹೇಳ್ತಿದ್ದೀಯ ನೀನು?" ಎಂದಳು. ಭಾವ ಕನ್ನಡಕ ಹಾಕಿಕೊಂಡು ಗೋಡೆಯ ಮೇಲೆ ನಿಂತುಹೋಗಿದ್ದ ದೆವ್ವದ ಬಾಯನ್ನೇ ನೋಡಿದರು.

"ನಂದಲ್ಲ?"

"ಅಲ್ಲ ಭಾವ."

ಅವರ ಮುಖ ಹಾಗೇ ಅರಳಿತು. "ನೋಡಿದ್ರಾ ಮೇಷ್ಟ್ರೇ, ನಂದಲ್ಲವಂತೆ ಅದು!" ಎಂದರು. ಇನ್ನೇನು, "ಆಯ್ತು ಬಿಡಮ್ಮ" ಎನ್ನುತ್ತಾರೆ ಎಂದು ಕಾದೆ. ಮೂವತ್ತು ವರ್ಷ ಯಾವ ಮಾತು ಕೇಳಿ ಕೇಳಿ ನನ್ನ ಮೈ ಪರಚಿಕೊಳ್ಳುವಂತಾಗುತ್ತಿತ್ತೋ, ಆ ಮಾತಿಗೇ ಆಗ ಬಾಯಿ ಬಾಯಿ ಬಿಡುತ್ತಿದ್ದೆ. ಭಾವ ಅದನ್ನು ಹೇಳಲಿಲ್ಲ.

"ಮತ್ತೆ ಮೇಕಪ್‌ನವನಿಗೆ ಏನಂದೆ?"

"ಇನ್ನೂ ಆಗಿಲ್ಲ ಅಂದೆ. ನಿಮ್ಮ ಮೇಲೆ ಹಾಕಿದೆ."

"ಅದಕ್ಕೆ ಅವನೇನಂದ?"

ಇದೊಂದನ್ನು ಇಷ್ಟು ಹೊತ್ತು ನಿಮಗೂ ಹೇಳದೆ ಬಂದೆ. "ಬೈದ. ಆಮೇಲೆ, ದೆವ್ವದ ಸೀನು ನಾಡಿದ್ದು ಇರೋದು, ನಾಡಿದ್ದು ಬೆಳಿಗ್ಗೆವರೆಗೂ ಕಾಯ್ತೀನಿ ಅಂತ ಹೇಳು ನಿಮ್ಮ ಭಾವನಿಗೆ ಅಂದ."

ಹೇಳಿದರೆ ಡಬ್ಬಿಯ ಸುದ್ದಿ ಬರುತ್ತದೆಂದು ಆವತ್ತು ಭಾವನಿಗೆ ಹೇಳಿರಲಿಲ್ಲ.

ಭಾವ ಸಿಟ್ಟಿಲ್ಲದೆ, ಕೆಲಸದ ಮಾತಿನ ಹಾಗೇ ಹೇಳಿದರು, "ಎರಡು ದಿನ ಇತ್ತಾ? ಆ ದೆವ್ವದ ಪಾತ್ರದಾಕೆಯ ದವಡೆಯ ಅಚ್ಚು ಇಲ್ಲೇ ಮೇಜಿನ ಮೇಲಿತ್ತಲ್ಲಮ್ಮ. ಒಂದು ಮಾತು ಹೇಳಿದ್ದಿದ್ರೆ ಅರ್ಧ ದಿನದಲ್ಲಿ ಇನ್ನೊಂದು ಜೊತೆ ಮಾಡ್ಕೊಡ್ತಿದ್ದೆ."

ಅರ್ಧ ದಿನವೂ ಬೇಡ. ಅಚ್ಚು ಕೈಯಲ್ಲಿದ್ದರೆ ಎರಡು ಕೋರೆಗೆ ಮೂರು ಗಂಟೆ ಸಾಕು. ಆವತ್ತು ನನಗೆ ಅದು ಗೊತ್ತಿರಲಿಲ್ಲ. ಅವರ ಪಕ್ಕದ ಮೇಜಿನಲ್ಲಿ ಕೂತು ಕೆಲಸ ಕಲಿತ ಮೊದಲ ವರ್ಷವೇ ಗೊತ್ತಾಗಿತ್ತು.